ಇಷ್ಟು ರೊಕ್ಕ ಕೊಟ್ಟ ಮ್ಯಾಲೂ ನೀವೇ ಜೋಡಿಸ್ಬೇಕೇನ್ರಿ?

ಟಮಿಯಾ ಕಂಪನಿ 2019ರಲ್ಲಿ ತಂದ 1/48 ಅಳತೆಯ ಪಿ-38 ಲೈಟ್ನಿಂಗ್ ವಿಮಾನದ ಕಿಟ್ ತೆರೆದರೆ ಪ್ಲಾಸ್ಟಿಕ್ ಭಾಗಗಳ ಜೊತೆಗೆ ಪುಟ್ಟ ಉಕ್ಕಿನ ಗುಂಡುಗಳೂ ಸಿಗುತ್ತವೆ. ಅವು ವಿಮಾನದ ಮುಂಭಾಗಕ್ಕೆ ಭಾರ ಕೊಡಲು. ಆ ಭಾರ ಇಲ್ಲದಿದ್ದರೆ ಮಾಡೆಲ್ ಹಿಂದಕ್ಕೆ ವಾಲಿ ಬಾಲದ ಮೇಲೆ ಕೂತುಬಿಡುತ್ತೆ. ಅಗ್ಗದ ಕಿಟ್‌ಗಳಲ್ಲಿ ‘ಮೂತಿಗೆ ಇಷ್ಟು ಗ್ರಾಂ ಭಾರ ಹಾಕಿ’ ಅಂತ ಒಂದು ಚಿತ್ರ ಇರುತ್ತೆ, ಅಷ್ಟೆ. ಏನು ಹಾಕೋದು ಅನ್ನೋದು ನಿಮ್ಮ ಹಣೆಬರಹ. ಕಂಪ್ಲಿ ಕಡೆ ಹೊಳೆಯಲ್ಲಿ ಮೀನು ಹಿಡಿಯೋರು ಬಲೆಗೆ ಕಟ್ಟುವ ಸೀಸದ ಗುಂಡು ಈ ಕೆಲಸಕ್ಕೆ ಚೆನ್ನಾಗಿ ಒದಗುತ್ತೆ, ಖರ್ಚೂ ಏನಿಲ್ಲ. ಹಾಗಿದ್ದ ಮೇಲೆ ಡಬ್ಬಿಯೊಂದಕ್ಕೆ ಸಾವಿರಗಟ್ಟಲೆ ಕೊಡೋದು ಯಾಕೆ? ಹೊಸಪೇಟೆಯಲ್ಲಿ ನನ್ನ ಶೆಲ್ಫ್ ನೋಡಿದವರು ಬೆಲೆ ಕೇಳಿ, ಮೇಲಿನ ತಲೆಬರಹದ ಪ್ರಶ್ನೆಯನ್ನೇ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ.

ಹೊಸ ಕಿಟ್‌ನಲ್ಲಿ ನಾವು ಕಾಸು ಕೊಡೋದು ಮುಖ್ಯವಾಗಿ ಒಂದೇ ವಿಷಯಕ್ಕೆ: ಕೂಡುವಿಕೆಗೆ. ಐವತ್ತು ವರ್ಷದ ಹಿಂದಿನ ಅಚ್ಚಿನ ಕಿಟ್ ತಗೊಳ್ಳಿ. ಒಡಲಿನ ಎರಡು ಹೋಳು ಸೇರಿಸಿದರೆ ನಡುವೆ ಸಂದು, ರೆಕ್ಕೆ ಒಡಲಿಗೆ ಸೇರುವ ಕಡೆ ಇನ್ನೊಂದು ಸಂದು. ತಗಡುಗಳ ಜೋಡಣೆ ಗೆರೆಗಳು ನಿಜವಾದ ವಿಮಾನದಲ್ಲಿ ಒಳಸರಿದಿದ್ದರೆ ಇಲ್ಲಿ ಉಬ್ಬಿಕೊಂಡಿರುತ್ತವೆ. ಪುಟ್ಟಿ ತುಂಬು, ಎಮರಿ ಪೇಪರ್ ಉಜ್ಜು, ಉಜ್ಜಿದ ಕಡೆ ಗೆರೆ ಅಳಿಸಿಹೋಗುತ್ತೆ, ಮತ್ತೆ ಕೊರೆ. ಇದರಲ್ಲಿ ಸುಖ ಕಾಣುವವರಿದ್ದಾರೆ, ಅವರಿಗೆ ನನ್ನ ನಮಸ್ಕಾರ. ಟಮಿಯಾದ 2018ರ ಸ್ಪಿಟ್‌ಫೈರ್‌ನಲ್ಲಿ ಈ ಕಥೆಯೇ ಇಲ್ಲ. ಭಾಗಗಳು ಅಂಟು ಹಾಕುವ ಮೊದಲೇ ಹಿಡಿದು ನಿಲ್ಲುತ್ತವೆ. ವಾರಕ್ಕೆ ಒಂದು ಭಾನುವಾರ ಕೈಗೆ ಸಿಗುವವನಿಗೆ ಇದು ಸಣ್ಣ ವಿಷಯವಲ್ಲ. ಹಳೆಯ ಕಿಟ್ ತಿನ್ನುವ ನಾಲ್ಕು ಭಾನುವಾರಗಳಿಗೆ ಬೆಲೆ ಕಟ್ಟಿದರೆ ದುಬಾರಿ ಡಬ್ಬಿಯೇ ಅಗ್ಗ.

ಆದರೆ ನಮ್ಮ ಊರಲ್ಲಿ ನಾವು ಕೊಡುವ ಬೆಲೆಯೆಲ್ಲ ಆ ಅಚ್ಚಿಗೆ ಹೋಗಲ್ಲ. ಇಂಥ ಕಿಟ್‌ಗಳು ಕಸ್ಟಮ್ಸ್ ಲೆಕ್ಕದಲ್ಲಿ ಆಟಿಕೆ. ಆಟಿಕೆ ಮೇಲಿನ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ. 20ರಿಂದ 60ಕ್ಕೆ ಏರಿತು, 2023ರಲ್ಲಿ 70ಕ್ಕೆ. ಅಂಗಡಿಯವರು ಹೊರದೇಶದಿಂದ ತರಿಸಿದರೆ ಸಾಗಣೆ ಖರ್ಚೂ ಸೇರಿದ ಮೊತ್ತದ ಮೇಲೆ ಈ ಸುಂಕ, ಅದರ ಮೇಲೆ ಜಿಎಸ್‌ಟಿ. ನೂರು ರೂಪಾಯಿ ಮಾಲು ಜಿಎಸ್‌ಟಿಗೆ ಮೊದಲೇ ನೂರಾ ಎಪ್ಪತ್ತು. ಮಕ್ಕಳ ಗಿಲಕಿಯನ್ನು ಇಲ್ಲೇ ತಯಾರಿಸಲಿ ಅಂತ ಹಾಕಿದ ಸುಂಕ ಅದು, ಒಪ್ಪೋಣ. ಆದರೆ 1/48 ಅಳತೆಯ ಮಿಗ್-21 ಕಿಟ್ ಇಲ್ಲಿ ಯಾರೂ ಅಚ್ಚು ಹಾಕುತ್ತಿಲ್ಲವಲ್ಲ! ಹಾಗಾಗಿ ಜಪಾನಿನ ಹುಡುಗ ‘ಕೊಟ್ಟ ಕಾಸಿಗೆ ಮೋಸವಿಲ್ಲ’ ಅಂದರೆ ಅದನ್ನು ಹೊಸಪೇಟೆಗೆ ಹಾಗೇ ತಂದುಕೊಳ್ಳಬೇಡಿ. ಅವನ ಬೆಲೆ ಬೇರೆ, ನಮ್ಮ ಬೆಲೆ ಬೇರೆ.

ಇನ್ನು ಡಬ್ಬಿಯ ಮೇಲಿನ ‘ಹೊಸದು’ ಅನ್ನೋ ಮಾತು. ಹಳೆಯ ಅಚ್ಚಿಗೆ ಹೊಸ ಚಿತ್ರದ ಡಬ್ಬಿ, ಹೊಸ ಡೀಕಲ್ ಹಾಕಿ ಮಾರೋದು ಈ ವ್ಯಾಪಾರದ ಹಳೇ ಅಭ್ಯಾಸ. ಏರ್‌ಫಿಕ್ಸ್ ‘ವಿಂಟೇಜ್ ಕ್ಲಾಸಿಕ್ಸ್’ ಅಂತ ಹೇಳಿಯೇ ಮಾರುತ್ತೆ, ಅದು ಮರ್ಯಾದೆ. ಎಲ್ಲರೂ ಹಾಗೆ ಹೇಳಲ್ಲ. ಅಚ್ಚು ಯಾವ ವರ್ಷದ್ದು ಅಂತ ನೋಡದೆ ಕಾಸು ಬಿಚ್ಚಬಾರದು. ಚೆಕ್ ದೇಶದ ಎಡುವಾರ್ಡ್ ಕಂಪನಿಯದು ಇನ್ನೊಂದು ಬಗೆ. ‘ವೀಕೆಂಡ್’ ಡಬ್ಬಿ, ‘ಪ್ರೊಫಿಪ್ಯಾಕ್’ ಡಬ್ಬಿ, ಎರಡರಲ್ಲೂ ಮೂಲ ಪ್ಲಾಸ್ಟಿಕ್ ಅದೇ. ದುಬಾರಿಯದರಲ್ಲಿ ತೆಳು ಲೋಹದ ಭಾಗಗಳು, ಬಣ್ಣ ಹಚ್ಚುವಾಗ ಅಂಟಿಸುವ ಮಾಸ್ಕ್, ಹೆಚ್ಚು ಡೀಕಲ್ ಇರುತ್ತವೆ. ಲೋಹದ ಭಾಗಗಳಲ್ಲಿ ಬಹುಪಾಲು ಕಾಕ್‌ಪಿಟ್ ಮುಚ್ಚಿದ ಮೇಲೆ ದೇವರಿಗೂ ಕಾಣಲ್ಲ. ಮಾಸ್ಕ್ ಮಾತ್ರ ಬೇಕು, ಅದು ಬಿಡಿಯಾಗಿಯೂ ಸಿಗುತ್ತೆ. ವೀಕೆಂಡ್ ಸಾಕು.

ಕೂಡುವಿಕೆಗಿಂತ ದೊಡ್ಡದು ಆಕಾರ. ಹಂಪಿಯಲ್ಲಿ ಮಾರುವ ಪುಟಾಣಿ ಕಲ್ಲಿನ ರಥ ನೋಡಿ. ಮುಂದೆ ಎರಡು ಆನೆ. ಐವತ್ತು ರೂಪಾಯಿ ನೋಟಿನಲ್ಲೂ ಆನೆಯೇ. ವಿಠ್ಠಲ ಗುಡಿಯ ರಥದ ಮುಂದೆ ಮೊದಲು ಇದ್ದದ್ದು ಕುದುರೆಗಳು, ಆನೆಗಳ ಹಿಂದೆ ಬಗ್ಗಿ ನೋಡಿದರೆ ಅವುಗಳ ಕಾಲು, ಬಾಲದ ಗುರುತು ಈಗಲೂ ಕಾಣುತ್ತೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಫೋಟೋದಲ್ಲಿ ನೆತ್ತಿಯ ಮೇಲೆ ಇಟ್ಟಿಗೆ ಶಿಖರವೂ ಇದೆ. ಟಿವಿ ಮೇಲಿಡೋ ನೆನಪಿನ ಕಾಣಿಕೆಗೆ ಇದೆಲ್ಲ ಬೇಡ. ಅಳತೆಗೆ ಮಾದರಿ ಮಾಡುವವನು ಮಾತ್ರ ‘ಯಾವ ಕಾಲದ ರಥ?’ ಅಂತ ಕೇಳಲೇಬೇಕು.

ವಿಮಾನದಲ್ಲೂ ಅಷ್ಟೆ. 1965ರ ಯುದ್ಧದಲ್ಲಿ ಹೆಸರು ಮಾಡಿದ, ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ನ್ಯಾಟ್ ಒಂದೇ ಸೀಟಿನ ಫೈಟರ್. ಏರ್‌ಫಿಕ್ಸ್‌ನ ಹೊಸ ಅಚ್ಚಿನ ನ್ಯಾಟ್ ಬ್ರಿಟಿಷರ ಎರಡು ಸೀಟಿನ ತರಬೇತಿ ವಿಮಾನ. ಒಡಲು ಉದ್ದ, ರೆಕ್ಕೆ ದೊಡ್ಡದು. ಕಿಟ್ ಎಷ್ಟೇ ಚೆಂದ ಕೂಡಲಿ, ಅದಕ್ಕೆ ನಮ್ಮ ವಾಯುಪಡೆಯ ಚಕ್ರ ಅಂಟಿಸಿದರೆ ಫೈಟರ್ ಆಗಲ್ಲ. ನನಗೆ ಬೇಕಾದದ್ದಕ್ಕೆ ಹತ್ತಿರ ಬರೋದು ಸ್ಪೆಷಲ್ ಹಾಬಿಯವರ 1/72 ಅಜೀತ್, ಅಂದರೆ ನ್ಯಾಟ್ ಅನ್ನೇ ಎಚ್‌ಎಎಲ್ ಸುಧಾರಿಸಿ ಮಾಡಿದ ವಿಮಾನ. ಕಡಿಮೆ ಸಂಖ್ಯೆಯಲ್ಲಿ ತೆಗೆಯುವ ಕಿಟ್ ಅದು. ಎಲ್ಲವನ್ನೂ ಕಣ್ಣಳತೆಯಲ್ಲಿ ಹೊಂದಿಸಿಕೊಳ್ಳಬೇಕು, ಪುಟ್ಟಿ ಬೇಕೇ ಬೇಕು. ಗಾತ್ರಕ್ಕೆ ಹೋಲಿಸಿದರೆ ಬೆಲೆ ಜಾಸ್ತಿ. ಆದರೂ ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲೇ ಅತಿ ಹೆಚ್ಚು ಕಾಸು ಬಾಳುವ ಕಿಟ್ ಅದೇ. ಕುರ್ಟ್ ಟ್ಯಾಂಕ್ ರೂಪಿಸಿದ, 1961ರ ಜೂನ್ 17ರಂದು ಬೆಂಗಳೂರಲ್ಲಿ ಮೊದಲು ಹಾರಿದ ಮಾರುತ್ ಬೇಕು ಅಂದರೆ ಟಮಿಯಾ, ಏರ್‌ಫಿಕ್ಸ್ ಯಾರ ಪಟ್ಟಿಯಲ್ಲೂ ಇಲ್ಲ. ದುಡ್ಡು ಹಿಡಿದು ನಿಂತರೂ ಇಲ್ಲ.

ಕಿಟ್ ಆದಮೇಲೆ ಸೀಸೆಗಳ ಸರದಿ: ಬಣ್ಣ, ತೆಳುಕಾರಿ, ಮಾಸಿದ ಹಾಗೆ ಕಾಣಿಸಲು ಹಚ್ಚುವ ಪುಡಿ. ಏಪ್ರಿಲ್ ಮಧ್ಯಾಹ್ನ ಇಲ್ಲಿ ಅಕ್ರಿಲಿಕ್ ಬಣ್ಣ ಏರ್‌ಬ್ರಷ್‌ನ ತುದಿಯಲ್ಲೇ ಒಣಗುತ್ತೆ, ಹಾಗಾಗಿ ತಡವಾಗಿ ಒಣಗಿಸುವ ದ್ರವಕ್ಕೆ ಕಾಸು ಹಾಕಿ, ಇಲ್ಲವೇ ಬೆಳಿಗ್ಗೆ ಆರಕ್ಕೆ ಏಳಿ. ಕೆಂಪು ಮಣ್ಣಿನ ಪುಡಿಯ ಸೀಸೆ ಮಾತ್ರ ಯಾವ ಬೆಲೆಗೂ ಬೇಡ. ಸಂಡೂರಿನ ಅದಿರು ಲಾರಿ ಓಡಾಡುವ ರಸ್ತೆ ಬದಿಯ ಯಾವುದೇ ಮನೆಯ ಕಿಟಕಿ ಸರಳಿನ ಮೇಲೆ ಬೆರಳಾಡಿಸಿ, ಬಟ್ಟೆಯಲ್ಲಿ ಸೋಸಿಕೊಳ್ಳಿ. ಚಕ್ರಗಳಿಗೆ, ಹೊಟ್ಟೆಯ ಕೆಳಗೆ ಒಣ ಬ್ರಷ್‌ನಲ್ಲಿ ಹಚ್ಚಿದರೆ ಒಂದು ಮಾಡೆಲ್‌ಗೆ ಚಿಟಿಕೆ ಸಾಕು.