ಗ್ರೀಕ್ ಹೊಸ ಒಡಂಬಡಿಕೆಯ ವಾಚನ: ಮೂರು ಉಚ್ಚಾರಣೆಗಳು

ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಓದಿರುವ ಮೂರು ಬಗೆಯ ಧ್ವನಿಮುದ್ರಿಕೆಗಳನ್ನು ನಾವು ಪುಸ್ತಕವನ್ನು ಮುಂದಿಟ್ಟುಕೊಂಡು ಆಲಿಸಿದೆವು. ಗ್ರಂಥವೊಂದೇ, ಕಿವಿಗೆ ಮಾತ್ರ ಅವು ಮೂರು ಭಾಷೆಗಳಂತೆ ತೋರಿದುವು.

ಮೊದಲನೆಯದು ಪಾಶ್ಚಾತ್ಯ ವಿದ್ಯಾಲಯಗಳಲ್ಲಿ ರೂಢವಾಗಿರುವ ಎರಾಸ್ಮಸನ ಪದ್ಧತಿ. 1528ರಲ್ಲಿ ಅವನು ಪ್ರಕಟಿಸಿದ ಸಂವಾದಗ್ರಂಥ ಇದಕ್ಕೆ ಮೂಲ. 1542ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕುಲಪತಿ ಗಾರ್ಡಿನರನು ಈ ನೂತನ ಉಚ್ಚಾರಣೆಯನ್ನು ನಿಷೇಧಿಸಿದನೆಂದರೆ ವಿವಾದದ ಕಾವನ್ನು ಊಹಿಸಬಹುದು. ಬರೆದ ಸ್ವರಗಳೆಲ್ಲ ಇಲ್ಲಿ ಬೇರೆಬೇರೆಯಾಗಿ ಕೇಳಿಸುವುದರಿಂದ ವಿದ್ಯಾರ್ಥಿಗೆ ಕಾಗುಣಿತ ತಪ್ಪದು. ಆದರೆ ನಾವು ಕೇಳಿದ ವಾಚಕರು ಹ್ರಸ್ವದೀರ್ಘಗಳನ್ನು ಪಾಲಿಸದೆ ಇಂಗ್ಲಿಷಿನ ಸ್ವರಗಳನ್ನೇ ಗ್ರೀಕಿಗೆ ತೊಡಿಸಿದ್ದಾರೆ. ಇದು ಪ್ರಾಚೀನವೂ ಅಲ್ಲ, ಅರ್ವಾಚೀನವೂ ಅಲ್ಲ.

ಎರಡನೆಯದು ಇಂದಿನ ಗ್ರೀಕರ ಉಚ್ಚಾರಣೆ. ಓದು ನಿರರ್ಗಳವಾಗಿದೆ, ಜೀವಂತವಾಗಿದೆ. ಆದರೆ ಈಟಾ, ಇಯೋಟ, ಉಪ್ಸಿಲಾನ್‌ಗಳೂ 'ಎಇ', 'ಒಇ' ಸಂಧ್ಯಕ್ಷರಗಳೂ ಇಲ್ಲಿ ಒಂದೇ ಇಕಾರ. 'ನಾವು' ಎಂಬರ್ಥದ 'ಹೇಮೇಯ್ಸ್', 'ನೀವು' ಎಂಬರ್ಥದ 'ಹುಮೇಯ್ಸ್' ಎರಡೂ 'ಇಮಿಸ್' ಆಗುತ್ತವೆ. ಇದು ಕೇವಲ ಕಿವಿಯ ತೊಡಕಲ್ಲ. ಯೋಹಾನನ ಮೊದಲನೆಯ ಪತ್ರಿಕೆಯಲ್ಲಿ (1:4) ಕೆಲವು ಹಸ್ತಪ್ರತಿಗಳ ಪಾಠ 'ನಮ್ಮ' ಸಂತೋಷವೆಂದಿದ್ದರೆ ಕೆಲವುಗಳದು 'ನಿಮ್ಮ' ಸಂತೋಷವೆಂದಿದೆ. ಇಂತಹ ಪಾಠಾಂತರಗಳಿಗೆ ಲಿಪಿಕಾರನ ಕಿವಿ ಮೋಸಹೋದುದೂ ಒಂದು ಕಾರಣವೆಂದು ವಿದ್ವಾಂಸರ ಮತ. ಎರಾಸ್ಮಸನ ಉಚ್ಚಾರಣೆಯನ್ನಷ್ಟೇ ಬಲ್ಲವನಿಗೆ ಈ ತಪ್ಪು ಹುಟ್ಟಿದ ಬಗೆಯೇ ಹೊಳೆಯದು.

ಮೂರನೆಯದು ರಾಂಡಲ್ ಬ್ಯೂತ್ ಅವರು ರೂಪಿಸಿದ, ಒಂದನೆಯ ಶತಮಾನದ ಕೊಯ್ನೆ ಗ್ರೀಕಿನ ಪುನರ್ರಚನೆ. ಪ್ಯಾಪಿರಸ್ ಪತ್ರಗಳಲ್ಲಿ ಅಂದಿನವರು ಮಾಡಿದ ಕಾಗುಣಿತದ ತಪ್ಪುಗಳೇ ಇದಕ್ಕೆ ಸಾಕ್ಷಿ: 'ಎಇ' ಆಗಲೇ ಇಕಾರದೊಡನೆ ಬೆರೆತಿತ್ತು, ಈಟಾ ಇನ್ನೂ ಎಕಾರದ ಬಳಿಯಲ್ಲಿತ್ತು. ಹೀಗಾಗಿ 'ನಾವು', 'ನೀವು' ಬೇರೆಯಾಗಿಯೇ ಕೇಳಿಸುತ್ತವೆ. ಪೇತ್ರನ ಮೊದಲನೆಯ ಪತ್ರಿಕೆ (2:3) ಕರ್ತನನ್ನು 'ಖ್ರೇಸ್ತೊಸ್', ಎಂದರೆ ದಯಾಳು, ಎಂದು ಕರೆಯುವಲ್ಲಿ 'ಖ್ರಿಸ್ತೊಸ್' ಎಂಬ ನಾಮದ ನಸುದನಿಯೂ ಉಂಟು. ಇಂದಿನ ಗ್ರೀಕರ ಬಾಯಲ್ಲಿ ಎರಡು ಶಬ್ದಗಳೂ ಒಂದೇ ಆಗಿಬಿಡುತ್ತವೆ. ನಮ್ಮ ಒಲವು ಈ ಮೂರನೆಯದರ ಕಡೆಗೆ. ವಾಚನವೇನೋ ಅತಿ ಎಚ್ಚರದ್ದು. ಪದಪದವನ್ನೂ ತೂಗಿ ಇಟ್ಟಂತಿದೆ.

ಒಂದು ಮಾತು ಉಳಿದಿದೆ. 1903ರಲ್ಲಿ ಪ್ರಕಟವಾದ ಆಕ್ಸಿರಿಂಕಸ್ ಪ್ರಹಸನದ ಪರಭಾಷಾ ಪದಗಳು ಕನ್ನಡವಿರಬಹುದೆಂದು ಹುಲ್ಟ್‌ಷ್ ಸೂಚಿಸಿದುದು ವಾಚಕರಿಗೆ ತಿಳಿದೇ ಇದೆ. ಆ ಪ್ಯಾಪಿರಸ್ ಕ್ರಿ.ಶ. ಎರಡನೆಯ ಶತಮಾನದ್ದು. ಅದರಲ್ಲಿ ಕನ್ನಡವನ್ನು ಕಾಣುವವರು ತಾವು ಗ್ರೀಕ್ ಅಕ್ಷರಗಳನ್ನು ಯಾವ ಉಚ್ಚಾರಣೆಯಲ್ಲಿ ಓದುತ್ತೇವೆಂಬುದನ್ನು ಮೊದಲು ಹೇಳಬೇಕು. ಈಟಾ ಎಕಾರವೋ ಇಕಾರವೋ ಎಂಬುದರ ಮೇಲೆ ಪದವೇ ಬದಲಾದೀತು.