‘ಗೌರ್ಮೆಂಟ್ ಬ್ರಾಹ್ಮಣ’: ಕಚೇರಿಯ ಒಂದು ನಗೆಮಾತಿನ ವಿಚಾರ

ನಗೆಯು ಯಾರ ಬಾಯಿಂದ ಹೊರಟಿತು, ಯಾರ ಎದೆಯಲ್ಲಿ ನಟ್ಟಿತು ಎಂಬುದನ್ನು ವಿಚಾರಿಸದೆ ವಿಡಂಬನ ಸಾಹಿತ್ಯದ ಗುಣದೋಷಗಳನ್ನು ನಿರ್ಣಯಿಸಲಾಗದು. ಇದಕ್ಕೆ ನಿದರ್ಶನವಾಗಿ ಶ್ರೀ ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ವನ್ನು ವಾಚಕರ ಮುಂದಿರಿಸುತ್ತೇನೆ. 1994ರಲ್ಲಿ ಹೊರಬಂದ ಈ ಗ್ರಂಥವು ಕನ್ನಡದ ಮೊದಲ ದಲಿತ ಆತ್ಮಕಥೆಯೆಂದು ಗಣ್ಯವಾಗಿದೆ.

ಮೀಸಲು ಸ್ಥಾನದಿಂದ ವಿದ್ಯೆಯನ್ನಾಗಲಿ ಉದ್ಯೋಗವನ್ನಾಗಲಿ ಪಡೆದವನನ್ನು ಸರಕಾರದ ಬ್ರಾಹ್ಮಣನೆಂದು ಕರೆಯುವುದು ನಮ್ಮ ಕಾಲೇಜು ಕಚೇರಿಗಳಲ್ಲಿ ಕೇಳಿಬರುವ ಮೂದಲೆ. ಆಲಂಕಾರಿಕರು ಇದನ್ನು ವ್ಯಾಜಸ್ತುತಿ ಎನ್ನುವರು. ಮೇಲೆ ಸ್ತುತಿ, ಒಳಗೆ ನಿಂದೆ. ಗ್ರಂಥಕರ್ತರು ಆ ಮೂದಲೆಯನ್ನೇ ಎತ್ತಿ ತಮ್ಮ ಕೃತಿಯ ಹೆಸರಾಗಿ ಇರಿಸಿದ್ದಾರೆ. ಕೂಡಲೆ ಅದರ ಮೊನೆ ತಿರುಗುತ್ತದೆ. ಹುಟ್ಟಿನಿಂದಲೇ ದೊರೆತ ಅನುಕೂಲವು ನಿಂದೆಗೆ ವಿಷಯವಾದರೆ, ಆ ನಿಂದೆಗೆ ‘ಬ್ರಾಹ್ಮಣ’ ಎಂಬ ಪದವೇ ಏಕೆ ಬೇಕಾಯಿತು? ನಕ್ಕವನು ತನಗರಿವಿಲ್ಲದೆ ತನ್ನ ಮನೆಯ ಚರಿತ್ರೆಯನ್ನು ಒಪ್ಪಿಕೊಂಡಿದ್ದಾನೆ. ಇದು ಬರಿಯ ಶಬ್ದಚಮತ್ಕಾರವಲ್ಲ. ಕೊಲ್ಲಾಪುರದ ಶಾಹೂ ಮಹಾರಾಜರು 1902ರಲ್ಲಿ ತೆರವಾಗುವ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದವರಿಗೆ ಕಾದಿರಿಸಿದುದೂ, 1918ರಲ್ಲಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿಯು ನೇಮಕವಾದುದೂ, ಕಚೇರಿಗಳು ಬಹುಮಟ್ಟಿಗೆ ಒಂದೇ ವರ್ಣದವರಿಂದ ತುಂಬಿದ್ದ ಕಾರಣದಿಂದಲ್ಲವೆ?

ಕಚೇರಿಯನ್ನು ಕಂಡು ನಕ್ಕವರು ಹಿಂದೆ ಇರಲಿಲ್ಲವೆಂದಲ್ಲ. 11ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ನರ್ಮಮಾಲೆ’ಯಲ್ಲಿ, ಲೇಖನಿಯ ಬಲದಿಂದ ಜನರನ್ನು ಸುಲಿಯುವ ಕಾಯಸ್ಥರ ಬಣ್ಣವನ್ನು ಬಯಲಿಗೆಳೆದನು. ಆದರೆ ಅದು ಹೊರಗೆ ನಿಂತವನ ನಗೆ. ಒಳಗೆ ಕುರ್ಚಿ ದೊರೆತೂ ಸಮಾನತೆ ದೊರೆಯದವನ ನಗೆಯೇ ಬೇರೆ. ಅಮೆರಿಕೆಯ ಜಕಿಯಾ ಡಲೈಲಾ ಹ್ಯಾರಿಸ್ ಅವರ ‘ದಿ ಅದರ್ ಬ್ಲ್ಯಾಕ್ ಗರ್ಲ್’ (2021) ಎಂಬ ಕಾದಂಬರಿಯು, ಬಿಳಿಯರೇ ತುಂಬಿದ ಪ್ರಕಾಶನ ಸಂಸ್ಥೆಯೊಂದರಲ್ಲಿ ಕಪ್ಪುವರ್ಣದ ತರುಣಿಯು ಪಡುವ ಪಾಡನ್ನು ಈ ಒಳಗಿನ ನಗೆಯಿಂದಲೇ ತೋರಿಸಿದೆ.

ಹೆಸರನ್ನು ಕಂಡು ನಗಲು ಕುಳಿತ ವಾಚಕನಿಗೆ ಮಾಲಗತ್ತಿಯವರ ಗ್ರಂಥದೊಳಗೆ ದೊರೆಯುವುದು ಬಹುಪಾಲು ನೋವಿನ ನೇರ ನಿರೂಪಣೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯು ನಗಿಸುತ್ತಲೇ ಇರಿಯುತ್ತದೆ, ಇವರು ಹೊಸ್ತಿಲಲ್ಲಿ ನಗಿಸಿ, ಒಳಗೆ ಕರೆದು, ಬಾಗಿಲಿಕ್ಕಿಬಿಡುತ್ತಾರೆ. ಇದನ್ನು ನಾನು ದೋಷವೆಂದೆಣಿಸಲಾರೆ. ಗ್ರಂಥವೆಲ್ಲ ನಗೆಯೇ ಆಗಿದ್ದರೆ ನನ್ನಂಥವರು ನಕ್ಕು ಎದ್ದುಹೋಗುತ್ತಿದ್ದೆವು.

ನನ್ನಂಥವರು ಎಂದೆ, ಅದಕ್ಕೆ ಕಾರಣವುಂಟು. ನಾನು ಕೆಲಸ ಮಾಡುತ್ತಿದ್ದ ಶಾಲೆಯೊಂದರಲ್ಲಿ, ಹೊಸದಾಗಿ ಬಂದ ತರುಣ ಮಾಸ್ತರರೊಬ್ಬರ ಬೆನ್ನ ಹಿಂದೆ ಯಾರೋ ಇದೇ ಮಾತನ್ನಾಡಿದರು. ಕೊಠಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ತಿರುಗಿ ನೋಡಿದರೆ ಅವರು ಹಾಜರಿ ಪುಸ್ತಕ ಹಿಡಿದು ಬಾಗಿಲಲ್ಲಿಯೇ ನಿಂತಿದ್ದರು. ಪಾಠಶಾಲೆಯಲ್ಲಿ ವ್ಯಾಜಸ್ತುತಿಯ ಲಕ್ಷಣವನ್ನು ಕಂಠಪಾಠ ಮಾಡಿದ್ದ ನನಗೆ, ಲಕ್ಷ್ಯವು ಎದುರಿಗೆ ಬಂದಾಗ ಗುರುತು ಸಿಗಲಿಲ್ಲ. ಅವರು ಏನೂ ಅನ್ನಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ನಿವೃತ್ತನಾದ ಮೇಲೆ ಡಂಬಳದ ಮನೆಯ ಪಡಸಾಲೆಯಲ್ಲಿ ಈ ಗ್ರಂಥವನ್ನು ಕೈಗೆತ್ತಿಕೊಂಡಾಗ, ಮೇಲಿನ ಹೆಸರನ್ನು ಓದುತ್ತಲೇ ಆ ಬಾಗಿಲು ಕಣ್ಣಿಗೆ ಕಟ್ಟಿತು.

ಇದು ಮನೆಮಂದಿ ಕೂಡಿ ಓದತಕ್ಕ ಗ್ರಂಥ. ಪ್ರತಿಯೊಂದು ಶಾಲೆಯ ಅಧ್ಯಾಪಕರ ಕೊಠಡಿಯಲ್ಲಿಯೂ ಇದರ ಒಂದು ಪ್ರತಿ ಇರತಕ್ಕದ್ದೆಂದು ನನ್ನ ಸವಿನಯ ಸೂಚನೆ.