ತಂತಿ ಮೊದಲು, ಹೊಸ ಗಿಟಾರ್ ಆಮೇಲೆ

ಬೇಸ್ ಗಿಟಾರ್ ಹಿಡಿದು ಒಂದೆರಡು ವರ್ಷ ಆಗುತ್ತಿದ್ದಂತೆ ಹವ್ಯಾಸಿಗಳಲ್ಲಿ ಬಹಳ ಮಂದಿಗೆ ತಮ್ಮ ವಾದ್ಯ ಸಾಲದು ಅನಿಸತೊಡಗುತ್ತದೆ. ಆಸೆಪಟ್ಟು ಕೊಂಡ ಯಮಹಾ, ಇಬಾನೆಜ್ ಅಥವಾ ಸ್ಕ್ವಯರ್ ಮೂಲೆಗೆ ಸರಿದು, ಮನಸ್ಸು ಅಮೆರಿಕದ ಫೆಂಡರ್ ಕಡೆಗೋ ಐದು ತಂತಿಯ ಮ್ಯೂಸಿಕ್ ಮ್ಯಾನ್ ಕಡೆಗೋ ಓಡುತ್ತದೆ. ರಾತ್ರಿ ಮಲಗುವ ತನಕ ವಿಡಿಯೊ ನೋಡುವುದು, ಸೆಕೆಂಡ್ ಹ್ಯಾಂಡ್ ಜಾಹೀರಾತು ಜಾಲಾಡುವುದು, ಇಎಂಐ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕುವುದು ನಡೆದೇ ಇರುತ್ತದೆ. ಇಷ್ಟಾದರೂ ಮೂಲೆಯಲ್ಲಿ ನಿಂತ ಗಿಟಾರಿನ ಮೇಲೆ ಅಂಗಡಿಯಿಂದ ಬಂದ ದಿನದ ತಂತಿಗಳೇ ಇರುತ್ತವೆ. ಎರಡು ಮಳೆಗಾಲ ಕಂಡ ಅದರ ನೆಕ್ ನೆಟ್ಟಗಿದೆಯೇ ಎಂದು ಯಾರೂ ನೋಡಿರುವುದಿಲ್ಲ. ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಈ ವಾದ್ಯವನ್ನು ಮನೆಮಾತಾಗಿಸಿದ ಲಿಯೊ ಫೆಂಡರ್ ರೇಡಿಯೊ ರಿಪೇರಿ ಮಾಡುತ್ತಿದ್ದವರು. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ. ಕ್ಯಾಲಿಫೋರ್ನಿಯದ ಫುಲರ್ಟನ್‌ನಲ್ಲಿದ್ದ ಅವರ ಕಾರ್ಖಾನೆ 1951ರಲ್ಲಿ ಪ್ರಿಸಿಶನ್ ಬೇಸ್ ಅನ್ನು ಮಾರಾಟಕ್ಕೆ ಬಿಟ್ಟಿತು. ಆಳೆತ್ತರದ ಡಬಲ್ ಬೇಸ್ ಹೊತ್ತು ಊರೂರು ಸುತ್ತುತ್ತಿದ್ದ ವಾದಕರಿಗೆ ಹೆಗಲಿಗೆ ನೇತುಹಾಕಿಕೊಳ್ಳುವ ವಾದ್ಯ ಸಿಕ್ಕಿತು. ತಂತಿಯ ಉದ್ದ 34 ಇಂಚು. ಫ್ರೆಟ್‌ಗಳಿದ್ದುದರಿಂದ ಬೆರಳಿಟ್ಟ ಕಡೆ ಸ್ವರ ಜಾರುವ ಭಯವಿಲ್ಲ. 1957ರಲ್ಲಿ ಎರಡು ತುಂಡಾಗಿ ಒಡೆದ ಪಿಕಪ್ ಬಂತು. ಅಲ್ಲಿಂದ ಈಚೆಗೆ ಮೂಲ ವಿನ್ಯಾಸ ಬದಲಾದದ್ದು ಅಷ್ಟಕ್ಕಷ್ಟೆ. ಅದೇ ಮಾದರಿಯ ಅಗ್ಗದ ಪ್ರತಿಯಲ್ಲಿ ಇವತ್ತಿಗೂ ಅದೇ 34 ಇಂಚು, ಅದೇ ಬಗೆಯ ಪಿಕಪ್ ಸಿಗುತ್ತವೆ.

ಆ ಸರಳ ವಾದ್ಯದಿಂದ ಏನೆಲ್ಲ ಹೊರಡಿಸಬಹುದು ಎಂದು ತೋರಿಸಿದವರು ಡೆಟ್ರಾಯಿಟ್‌ನ ಜೇಮ್ಸ್ ಜೇಮರ್ಸನ್. ಮೋಟೌನ್ ಕಂಪನಿಯ ಸ್ಟುಡಿಯೊದಲ್ಲಿ ಅರವತ್ತರ ದಶಕದುದ್ದಕ್ಕೂ ಅವರು ನುಡಿಸಿದ್ದು ಹೆಚ್ಚಾಗಿ ಒಂದೇ ಗಿಟಾರಿನಲ್ಲಿ, ಅದು 1962ರ ಪ್ರಿಸಿಶನ್ ಬೇಸ್. ಅದಕ್ಕೆ ಹಾಕಿದ್ದು ಲಾ ಬೆಲ್ಲಾ ಕಂಪನಿಯ ದಪ್ಪನೆಯ ಫ್ಲ್ಯಾಟ್‌ವೂಂಡ್ ತಂತಿ, ನಯವಾದ ಮೈಯದ್ದು. ತುಂಡಾಗುವವರೆಗೆ ಅವನ್ನು ಬದಲಿಸುತ್ತಿರಲಿಲ್ಲವಂತೆ. ಬ್ರಿಡ್ಜ್ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇತ್ತು. ಸ್ವರ ಎದ್ದಷ್ಟೇ ಬೇಗ ಅಡಗುವುದಕ್ಕೆ ಅದೇ ಕಾರಣ. ಡಬಲ್ ಬೇಸ್ ಕಾಲದಿಂದ ಬಂದ ರೂಢಿಯಂತೆ ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಬೇಸ್ ಅನ್ನು ಆಂಪ್‌ಗೆ ಮೈಕ್ ಇಡದೆ ನೇರವಾಗಿ ಮಿಕ್ಸಿಂಗ್ ಮೇಜಿಗೆ ಜೋಡಿಸುವುದು ಅಲ್ಲಿ ವಾಡಿಕೆಯಾಗಿತ್ತು. ‘ಮೈ ಗರ್ಲ್’ ಹಾಡು ಶುರುವಾಗುವಲ್ಲಿ ಕೇಳುವುದು ಅವರ ಬೇಸ್. 1971ರ ‘ವಾಟ್ಸ್ ಗೋಯಿಂಗ್ ಆನ್’ ಆಲ್ಬಮ್‌ನ ಹೊದಿಕೆಯಲ್ಲಿ ಅವರ ಹೆಸರು ಅಚ್ಚಾಯಿತು. ಅದಕ್ಕೆ ಮೊದಲು ಲಕ್ಷಾಂತರ ಜನ ಹೆಸರು ತಿಳಿಯದೆಯೇ ಅವರನ್ನು ಕೇಳಿದ್ದರು. 1983ರಲ್ಲಿ ಅವರು ತೀರಿಕೊಳ್ಳುವ ಸ್ವಲ್ಪ ಮೊದಲು ಆ ಗಿಟಾರ್ ಕಳವಾಯಿತು.

ಜೇಮರ್ಸನ್ ತಂತಿ ಬದಲಿಸಲಿಲ್ಲ, ನಾವೇಕೆ ಬದಲಿಸಬೇಕು ಎಂದು ಕೇಳುವವರು ಗಮನಿಸಬೇಕಾದ ಒಂದು ಅಂಶವಿದೆ. ಫ್ಲ್ಯಾಟ್‌ವೂಂಡ್ ತಂತಿಗೆ ಸುತ್ತಿದ ಲೋಹ ಚಪ್ಪಟೆ; ಬೆವರು, ಕೊಳೆ ಒಳಗೆ ಕೂರಲು ಜಾಗ ಕಡಿಮೆ. ಅದು ಹಳೆಯದಾದಷ್ಟೂ ಮೆತ್ತಗೆ ಮಾಗುತ್ತದೆ. ಇವತ್ತು ಅಂಗಡಿಯಿಂದ ಬರುವ ಹೆಚ್ಚಿನ ಗಿಟಾರುಗಳ ಮೇಲಿರುವುದು ರೌಂಡ್‌ವೂಂಡ್. ದುಂಡನೆಯ ಸುತ್ತು, ಉಜ್ಜಿದರೆ ಬೆರಳಿಗೆ ತರಿತರಿ. ದಿ ಹೂ ತಂಡದ ಜಾನ್ ಎಂಟ್ವಿಸಲ್ 1966ರಲ್ಲಿ ಇಂಗ್ಲೆಂಡಿನ ರೋಟೋಸೌಂಡ್ ಕಂಪನಿಯವರೊಡನೆ ಸೇರಿ ಇಂಥ ತಂತಿಗಳನ್ನು ರೂಪಿಸಿದ ಮೇಲೆ ಪಿಯಾನೊದಂತೆ ಖಣಖಣ ಎನ್ನುವ ಬೇಸ್ ನಾದ ರಾಕ್ ಸಂಗೀತಕ್ಕೆ ಬಂತು. ಆದರೆ ಆ ಹೊಳಪು ಕೆಲವು ವಾರಗಳದ್ದು. ಸುತ್ತುಗಳ ಸಂದಿಯಲ್ಲಿ ಬೆವರು, ಚರ್ಮದ ಪುಡಿ ತುಂಬಿದ ಮೇಲೆ ಉಳಿಯುವುದು ಮಂಕಾದ ಸದ್ದು. ಮೇಲಾಗಿ ತಂತಿಯ ತೂಕ ಎಲ್ಲ ಕಡೆ ಒಂದೇ ಸಮ ಇಲ್ಲದಾದಾಗ ಮೇಲಿನ ಫ್ರೆಟ್‌ಗಳಲ್ಲಿ ಶ್ರುತಿಯೂ ಕೈಕೊಡುತ್ತದೆ.

ಹೊಸ ಸೆಟ್ಟಿಗೆ ಎರಡು-ಮೂರು ಸಾವಿರ ರೂಪಾಯಿ ಬೇಕು. ಅದೂ ಕಷ್ಟವೆನ್ನುವವರಿಗೆ ಅಡುಗೆಮನೆಯಲ್ಲೇ ಒಂದು ಹಳೆಯ ಉಪಾಯವಿದೆ. ನಾಲ್ಕೂ ತಂತಿಗಳನ್ನು ಕತ್ತರಿಸದೆ ಬಿಚ್ಚಿ, ಸುರುಳಿ ಸುತ್ತಿ, ಕುದಿಯುವ ನೀರಿನ ಪಾತ್ರೆಗೆ ಹಾಕಿ ಹತ್ತು ನಿಮಿಷ ಬಿಡಬೇಕು. ನೀರು ಕಂದುಬಣ್ಣಕ್ಕೆ ತಿರುಗುತ್ತದೆ. ಅಷ್ಟು ದಿನ ನಾದವನ್ನು ನುಂಗುತ್ತಿದ್ದ ಕೊಳೆ ಅದು. ಹೊರತೆಗೆದು ಒಣಬಟ್ಟೆಯಿಂದ ಗಟ್ಟಿಯಾಗಿ ಒರೆಸಿ, ತೇವ ಒಂದಿಷ್ಟೂ ಉಳಿಯದಂತೆ ಒಣಗಿಸಿ ಹಾಕಿದರೆ ಸದ್ದಿಗೆ ಮತ್ತೆ ಜೀವ ಬರುತ್ತದೆ. ಬಹಳ ದಿನ ಬಾಳುವುದಿಲ್ಲ, ನಿಜ. ವಾರಾಂತ್ಯದ ಒಂದು ಕಾರ್ಯಕ್ರಮಕ್ಕೆ ಧಾರಾಳವಾಗಿ ಸಾಕು.

ಇನ್ನು ನೆಕ್. ಮರ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಮಂಗಳೂರಿನ ಜುಲೈಯಲ್ಲೂ ಕಲಬುರಗಿಯ ಏಪ್ರಿಲ್‌ನಲ್ಲೂ ಅದು ಒಂದೇ ತೆರನಾಗಿ ಇರಲಾರದು. ಪರೀಕ್ಷೆಗೆ ಉಪಕರಣವೇ ಬೇಡ. ದಪ್ಪ ತಂತಿಯನ್ನು ಎಡಗೈಯಿಂದ ಮೊದಲ ಫ್ರೆಟ್‌ನಲ್ಲಿ, ಬಲಗೈಯಿಂದ ನೆಕ್ ಮೈಗೆ ಸೇರುವ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ನಡುವೆ ಏಳು-ಎಂಟನೇ ಫ್ರೆಟ್ ಬಳಿ ಸಂದಿ ನೋಡಬೇಕು. ವಿಸಿಟಿಂಗ್ ಕಾರ್ಡ್ ದಪ್ಪದಷ್ಟಿದ್ದರೆ ಸರಿ. ಸಂದಿಯೇ ಇಲ್ಲದಿದ್ದರೆ ತಂತಿ ಫ್ರೆಟ್‌ಗೆ ತಾಗಿ ಝೇಂಕರಿಸುತ್ತದೆ. ಹೆಚ್ಚಾಗಿದ್ದರೆ ಒತ್ತಿ ಒತ್ತಿ ಬೆರಳು ಸೋಲುತ್ತದೆ. ನೆಕ್ಕಿನೊಳಗಿನ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಅಲೆನ್ ಕೀಯಿಂದ ಕಾಲು ಸುತ್ತು ತಿರುಗಿಸಿ, ಶ್ರುತಿ ಮಾಡಿ, ಮತ್ತೆ ನೋಡಬೇಕು. ಧೈರ್ಯ ಸಾಲದವರು ರಿಪೇರಿ ಬಲ್ಲವರ ಹತ್ತಿರ ಸೆಟಪ್ ಮಾಡಿಸಲಿ. ‘ಈ ಗಿಟಾರ್ ಕೈಗೆ ಕೂರುತ್ತಿಲ್ಲ’ ಎಂಬ ದೂರುಗಳಲ್ಲಿ ಬಹುಪಾಲು ಇಲ್ಲೇ ಮುಗಿಯುತ್ತವೆ.

ಬೆಂಗಳೂರಿನ ಹವ್ಯಾಸಿಯ ವಾರ ನಿಜಕ್ಕೂ ಶುರುವಾಗುವುದು ಗಂಟೆ ಲೆಕ್ಕದ ಜ್ಯಾಮ್ ರೂಮಿನಲ್ಲಿ. ಆಫೀಸ್ ಮುಗಿಸಿ, ಗಿಗ್ ಬ್ಯಾಗ್ ಬೆನ್ನಿಗೇರಿಸಿ, ಟ್ರಾಫಿಕ್ ದಾಟಿ ಬಂದರೆ ಆಂಪ್ ಅಲ್ಲೇ ಇರುತ್ತದೆ. ಒಂದು ಕಾಲಕ್ಕೆ ಇದೇ ದೊಡ್ಡ ಹೊರೆಯಾಗಿತ್ತು. 1969ರಲ್ಲಿ ಬಂದ ಆಂಪೆಗ್ ಎಸ್‌ವಿಟಿ 300 ವಾಟ್‌ನ ವಾಲ್ವ್ ಆಂಪ್. ಬರೀ ತಲೆಭಾಗವೇ 38 ಕಿಲೋ ಆಸುಪಾಸು, ಎಂಟು ಸ್ಪೀಕರಿನ ಪೆಟ್ಟಿಗೆ ಬೇರೆ. ಇವತ್ತು 500 ವಾಟ್‌ನ ಕ್ಲಾಸ್-ಡಿ ಆಂಪ್ ಎರಡು-ಮೂರು ಕಿಲೋ ತೂಗುತ್ತದೆ, ಬ್ಯಾಗಿನ ಜೇಬಿನಲ್ಲಿ ಕೂರುತ್ತದೆ. ಹವ್ಯಾಸಿಗಳ ಬೆನ್ನು ಉಳಿಸಿದ ನಿಜವಾದ ಪ್ರಗತಿ ಇದು.

ಆದರೆ ಆ ಕೋಣೆಯಲ್ಲಿ ಹೊಸಬರು ಮೊದಲು ಮಾಡುವುದು ಬೇಸ್ ಗುಂಡಿಯನ್ನು ಪೂರ್ತಿ ತಿರುಗಿಸಿ, ಮಿಡ್ ಗುಂಡಿಯನ್ನು ಇಳಿಸುವುದು. ಮನೆಯಲ್ಲಿ ಒಬ್ಬರೇ ನುಡಿಸುವಾಗ ಅದು ಇಂಪಾಗಿಯೇ ಕೇಳುತ್ತದೆ. ಡ್ರಮ್ಸ್ ಮತ್ತು ಎರಡು ಗಿಟಾರ್ ಸೇರಿದ ಕೂಡಲೇ ಬೇಸ್ ಮಾಯ. ಕೋಣೆ ಗುಂಯ್‌ಗುಡುವುದಷ್ಟೇ ಉಳಿಯುತ್ತದೆ. ದಪ್ಪ ತಂತಿಯ ಮೂಲಸ್ವರ 41 ಹರ್ಟ್ಸ್. ಅದರ ಒಂದು ಅಲೆಯೇ ಎಂಟು ಮೀಟರ್ ಮೀರುತ್ತದೆ. ಅಷ್ಟು ಉದ್ದದ ಅಲೆ ಚಿಕ್ಕ ಕೋಣೆಯ ಒಂದು ಕಡೆ ಅಬ್ಬರಿಸುತ್ತದೆ, ಇನ್ನೊಂದು ಕಡೆ ಕೇಳಿಸುವುದೇ ಇಲ್ಲ. ಕಿವಿ ಸ್ವರವನ್ನು ಗುರುತಿಸುವುದು ಅದರ ಮೇಲಿನ 82, 124, 165 ಹರ್ಟ್ಸ್‌ನ ಅನುಸ್ವರಗಳಿಂದ. ಮೊಬೈಲಿನ ಪುಟ್ಟ ಸ್ಪೀಕರ್ 41 ಹರ್ಟ್ಸ್ ಹೊರಡಿಸಲಾರದು, ಆದರೂ ಬೇಸ್‌ನ ನಡೆ ನಮಗೆ ತಿಳಿಯುವುದು ಹಾಗೆಯೇ. ಆದ್ದರಿಂದ ಮಿಡ್ ಏರಿಸಿ, ಬೇಸ್ ಇಳಿಸಿ.

ಮನೆಯಲ್ಲಿ ಬೇರೆಯೇ ಪಾಡು. ತಗ್ಗಿನ ಸದ್ದು ಗೋಡೆ, ನೆಲ ದಾಟುತ್ತದೆ. ಮೂರನೇ ಮಹಡಿಯಲ್ಲಿ ಮೀಟಿದ್ದು ಎರಡನೇ ಮಹಡಿಯ ಅಜ್ಜಿಗೆ ಕೇಳುತ್ತದೆ. ಹೆಡ್‌ಫೋನ್ ಆಂಪ್ ಎಂಬ ಅಂಗೈಯಗಲದ ಪೆಟ್ಟಿಗೆ ಇರುವುದು ಇಂಥವರಿಗೇ. ಅದಕ್ಕೆ ಮೆಟ್ರೊನೋಮ್ ಜೋಡಿಸಿ ದಿನಕ್ಕೆ ಅರ್ಧ ಗಂಟೆ ಅಭ್ಯಾಸ ಮಾಡಿದವರ ಲಯಕ್ಕೂ ಮಾಡದವರ ಲಯಕ್ಕೂ ಇರುವ ಅಂತರ ಮುಂದಿನ ಜ್ಯಾಮ್‌ನಲ್ಲಿ ಡ್ರಮ್ಮರ್‌ಗೆ ಮೊದಲು ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಇನ್ನೊಂದು ಗಿಟಾರ್ ಬೇಕೆನಿಸಿದರೆ ಕೊಳ್ಳಿ, ಅದರಲ್ಲಿ ತಪ್ಪೇನಿಲ್ಲ. ಸೆಕೆಂಡ್ ಹ್ಯಾಂಡ್ ಆದರೂ ಆದೀತು. ಪೇಂಟ್ ಎದ್ದಿದ್ದರೆ ಚಿಂತಿಲ್ಲ, ಗುಂಡಿ ಕರಕರ ಎಂದರೆ ಚಿಂತಿಲ್ಲ, ಪಿಕಪ್ ಕೆಟ್ಟಿದ್ದರೆ ಬದಲಿಸಬಹುದು. ಅಲೆನ್ ಕೀ ಜೊತೆಯಲ್ಲಿ ಒಯ್ದು, ಮಾರುವವರ ಒಪ್ಪಿಗೆ ಕೇಳಿ, ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ ನೋಡಿ. ಅದು ಕಚ್ಚಿಕೊಂಡಿದ್ದರೆ ಎಷ್ಟೇ ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.